ಚಳಿಗೆ ಎಷ್ಟು ದಪ್ಪ ಬೇಕು? ಚಾರಣಕ್ಕೆ ಫ್ಲೀಸ್ ಆರಿಸುವ ಬಗ್ಗೆ

(ಚಾರಣಕ್ಕೆ ಹೊಸಬರಾದವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಚಳಿ ಇರುವ ಕಡೆ ಚಾರಣಕ್ಕೆ ಹೊರಟವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಲ್ಲಕ್ಕಿಂತ ಬೆಚ್ಚಗಿರುವ ಫ್ಲೀಸ್ ಯಾವುದು?" ಫ್ಲೀಸ್ ಅಂದರೆ ಚಳಿಗೆ ಹಾಕುವ, ಪಾಲಿಯೆಸ್ಟರ್‌ನ ಮೆತ್ತನೆಯ ಬಟ್ಟೆ, ಅದರ ಜಾಕೆಟ್. ಹೀಗೆ ಕೇಳುವುದು ಸಹಜ. ಚಳಿ ಅಂದ ಕೂಡಲೇ ಮನಸ್ಸು ದಪ್ಪ ಬಟ್ಟೆಯ ಕಡೆ ಓಡುತ್ತದೆ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಯಾವುದು ಮೆತ್ತಗೆ, ದಪ್ಪಗೆ, ತೂಕವಾಗಿ ಇರುತ್ತದೋ ಅದೇ ಒಳ್ಳೆಯದು ಅನ್ನಿಸುತ್ತದೆ. ನಾನು ಇವತ್ತು ಹೇಳುವುದು ಇದಕ್ಕೆ ವಿರುದ್ಧವಾದ ಮಾತು. ನಡೆಯುವವರಿಗೆ ಬೇಕಾಗುವ ಫ್ಲೀಸ್ ನೀವು ಅಂದುಕೊಂಡದ್ದಕ್ಕಿಂತ ತೆಳ್ಳಗಿನದು. ಅದು ಬೆವರನ್ನು ಎಷ್ಟು ಬೇಗ ಹೊರಗೆ ಬಿಡುತ್ತದೆ ಅಂತ ಮೊದಲು ನೋಡಿ. ಎಷ್ಟು ಬೆಚ್ಚಗಿಡುತ್ತದೆ ಅನ್ನುವುದನ್ನು ಆಮೇಲೆ ನೋಡಿದರಾಯಿತು.

ಯಾಕೆ ಅಂತ ತಿಳಿಯಬೇಕಾದರೆ ಜಾಕೆಟ್ಟನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ನಮ್ಮ ಮೈಯನ್ನು ನೋಡಬೇಕು. ಸುಮ್ನೆ ಕೂತಿದ್ದಾಗ ದೊಡ್ಡವರ ದೇಹ ಸುಮಾರು 100 ವ್ಯಾಟ್ ಶಾಖವನ್ನು ಹೊರಗೆ ಹಾಕುತ್ತಿರುತ್ತದೆ. ಬೆನ್ನಿಗೆ ಭಾರ ಹೊತ್ತು ಏರು ಹತ್ತುವಾಗ ಇದು 400, 500 ವ್ಯಾಟ್‌ಗೆ ಏರುತ್ತದೆ. ಜೋರಾಗಿ ಹತ್ತುವವರಲ್ಲಿ ಇನ್ನೂ ಜಾಸ್ತಿ. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ನಿಜವಾಗಿ ನಮ್ಮನ್ನು ಮೇಲಕ್ಕೆ ಎತ್ತುವುದು ಕಾಲು ಭಾಗ, ಅಥವಾ ಅದಕ್ಕೂ ಕಡಿಮೆ. ಮಿಕ್ಕಿದ್ದೆಲ್ಲ ಶಾಖವಾಗುತ್ತದೆ. ಅಂದರೆ ಒಂದೇ ದಿನ, ಒಂದೇ ಹವೆಯಲ್ಲಿ, ಒಬ್ಬರದೇ ಮೈ ಕೆಲವು ನಿಮಿಷಗಳ ಅಂತರದಲ್ಲಿ ನಾಲ್ಕೈದು ಪಟ್ಟು ಬೇರೆ ಬೇರೆ ಪ್ರಮಾಣದಲ್ಲಿ ಕಾಯುತ್ತದೆ. ಕೂತಾಗ ಸರಿಹೋಗುವ ಬಟ್ಟೆ ಹತ್ತುವಾಗ ಸರಿಹೋಗುವುದಿಲ್ಲ. ಹೋಗಲು ಸಾಧ್ಯವೇ ಇಲ್ಲ.

ಹಾಗಾದರೆ ದಪ್ಪ ಜಾಕೆಟ್ ಹಾಕಿಕೊಂಡು ಹತ್ತಿದರೆ ಏನಾಗುತ್ತದೆ? ಮೊದಲ ಹತ್ತು ನಿಮಿಷ ಹಿತವಾಗಿರುತ್ತದೆ. ಆಮೇಲೆ ಬೆವರು ಶುರು. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಮೈ ತಣ್ಣಗಾಗಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಆ ಬೆವರು ಬಟ್ಟೆಯೊಳಗೇ ಸಿಕ್ಕಿಕೊಂಡರೆ ಆವಿಯಾಗುವುದು ನಾವು ನಿಂತ ಮೇಲೆ. ತುದಿ ಮುಟ್ಟಿದ್ದೇವೆ, ಕಾಲಿಗೆ ಕೆಲಸವಿಲ್ಲ, ಗಾಳಿ ಬೀಸುತ್ತಿದೆ, ಒಳಗಿನ ಅಂಗಿ ತೊಪ್ಪೆಯಾಗಿದೆ. ಮೈ ಈಗ 100 ವ್ಯಾಟ್‌ನ ಹತ್ತಿರಕ್ಕೆ ಇಳಿಯುತ್ತಿದೆ. ಅದೇ ಹೊತ್ತಿಗೆ ಒದ್ದೆ ಬಟ್ಟೆ ತನ್ನ ಪಾಲಿನ ಶಾಖವನ್ನು ಎಳೆದುಕೊಳ್ಳಲು ಶುರು ಮಾಡುತ್ತದೆ. ಜೊತೆಗೆ ಇನ್ನೊಂದು ತೊಂದರೆ. ಅಲುಗಾಡದೆ ನಿಂತ ಗಾಳಿಗೆ ಹೋಲಿಸಿದರೆ ನೀರು ಶಾಖವನ್ನು ಸುಮಾರು 25 ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಬಟ್ಟೆಯ ಎಳೆಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲಿ ನೀರು ಕೂತರೆ ಅದು ಬೆಚ್ಚಗಿಡುವ ಬಟ್ಟೆಯಾಗಿ ಉಳಿಯುವುದಿಲ್ಲ.

ದೇಹದ ಒಳಗಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ಇದು ಹಿಮದ ನಾಡಿನಲ್ಲಿ ಮಾತ್ರ ಆಗುವುದು ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಸೊನ್ನೆಗಿಂತ ಎಷ್ಟೋ ಮೇಲೆ, 5 ಡಿಗ್ರಿಯಲ್ಲೋ 10 ಡಿಗ್ರಿಯಲ್ಲೋ, ಮಳೆ ಮತ್ತು ಗಾಳಿ ಸೇರಿದಾಗ, ಬೆವರಿ ದಣಿದವರಿಗೆ ಇದು ಸುಲಭವಾಗಿ ಆಗುತ್ತದೆ. ಹಾಗಾಗಿ ಬೆವರಿನ ಮಾತು ಬರೀ ಆರಾಮದ ಮಾತಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬೆನ್ನು ಒದ್ದೆಯಾದರೆ ಏನಂತೆ, ಆಮೇಲೆ ಒಣಗುತ್ತದೆ ಅಂತ ಬಿಟ್ಟುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಈಗ ಫ್ಲೀಸ್‌ಗೆ ಬರೋಣ.

ಫ್ಲೀಸ್ ಅಂದರೆ ಹೆಣೆದ ಪಾಲಿಯೆಸ್ಟರ್ ಬಟ್ಟೆ. ಸಣ್ಣ ತಂತಿಗಳಿರುವ ಉರುಳೆಗಳ ಮೇಲೆ ಅದನ್ನು ಹಾಯಿಸಿ, ಹತ್ತಿ ಹಿಂಜಿದ ಹಾಗೆ ಮೇಲಿನ ಎಳೆಗಳನ್ನು ಕೆದಕಿ ಎಬ್ಬಿಸುತ್ತಾರೆ. ಆಮೇಲೆ ಸಮನಾಗಿ ಕತ್ತರಿಸುತ್ತಾರೆ. ಎದ್ದು ನಿಂತ ಆ ಎಳೆಗಳ ಸಂದಿಯಲ್ಲಿ ಗಾಳಿ ನಿಲ್ಲುತ್ತದೆ. ನಮ್ಮನ್ನು ಬೆಚ್ಚಗಿಡುವುದು ಆ ಗಾಳಿ. ಪಾಲಿಯೆಸ್ಟರ್‌ನ ಕೆಲಸ ಗಾಳಿಯನ್ನು ಹಿಡಿದು ನಿಲ್ಲಿಸುವುದು ಅಷ್ಟೇ. ಈ ಕೆಲಸಕ್ಕೆ ಅದು ಯಾಕೆ ಸರಿ ಅಂದರೆ, ಪಾಲಿಯೆಸ್ಟರ್ ನೀರನ್ನು ಕುಡಿಯುವುದೇ ಇಲ್ಲ ಅನ್ನಬಹುದು. ಸಾಮಾನ್ಯ ಹವೆಯಲ್ಲಿ ಅದರ ಎಳೆ ಹೀರಿಕೊಳ್ಳುವ ತೇವ ತೂಕದ ಶೇಕಡಾ 0.4ರಷ್ಟು. ಹತ್ತಿ ಶೇಕಡಾ 7ರಿಂದ 8, ಉಣ್ಣೆ ಶೇಕಡಾ 16ರ ಹತ್ತಿರ. ಒದ್ದೆಯಾದ ಫ್ಲೀಸನ್ನು ಹಿಂಡಿ, ಎರಡು ಸಲ ಕೊಡವಿದರೆ ಹೆಚ್ಚಿನ ನೀರು ಹೋಗುತ್ತದೆ. ಎಳೆಗಳು ಮತ್ತೆ ಎದ್ದು ನಿಲ್ಲುತ್ತವೆ. ಮೈ ಕಾವಿಗೆ ಉಳಿದದ್ದು ಒಣಗುತ್ತದೆ. ಹತ್ತಿಯ ಅಂಗಿ ಹೀಗೆ ಮಾಡುವುದಿಲ್ಲ. ಒದ್ದೆಯಾದರೆ ಮೈಗೆ ಅಂಟಿಕೊಂಡು ಕೂರುತ್ತದೆ.

ಇದರ ಹಿಂದಿನ ಕಥೆ ಚೆನ್ನಾಗಿದೆ. ಉದ್ದ ಎಳೆಯ ಸಿಂಥೆಟಿಕ್ ಬಟ್ಟೆಯನ್ನು ಬೆಚ್ಚನೆಯ ಒಳಪದರವಾಗಿ 1960ರ ದಶಕದಲ್ಲೇ ನಾರ್ವೆಯ ಹೆಲಿ ಹ್ಯಾನ್ಸನ್ ಕಂಪನಿ ಹೊರಗೆ ದುಡಿಯುವವರಿಗಾಗಿ ಹೊಲಿಯುತ್ತಿತ್ತು. ಉತ್ತರ ಅಟ್ಲಾಂಟಿಕ್‌ನ ಮೀನುಗಾರರು ಇಂಥ ಸ್ವೆಟರ್ ಹಾಕುವುದನ್ನು ಕಂಡು, ಇದು ಬೆಟ್ಟಕ್ಕೂ ಆದೀತು ಅಂತ ಅಮೆರಿಕದ ಪ್ಯಾಟಗೋನಿಯಾ ಕಂಪನಿಯವರು 1970ರ ದಶಕದಲ್ಲಿ ಪ್ರಯತ್ನಿಸಿದರು. ಆ ಬಟ್ಟೆ ಬೇಗ ಗಂಟುಗಂಟಾಗುತ್ತಿತ್ತು. ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಊರಿನಲ್ಲಿದ್ದ ಮಾಲ್ಡನ್ ಮಿಲ್ಸ್ ಎಂಬ ಗಿರಣಿಯ ಜೊತೆ ಸೇರಿ ಅದನ್ನು ತಿದ್ದುತ್ತಾ ಹೋದರು. ಎರಡೂ ಬದಿ ಮೃದುವಾದ, ಗಂಟಾಗದ ಸಿಂಚಿಲ್ಲಾ ಎಂಬ ಬಟ್ಟೆ 1985ರಲ್ಲಿ ಬಂತು. ಇಂದು ನಾವು ಕಾಣುವ ಫ್ಲೀಸ್‌ಗಳ ಹಿಂದೆ ಈ ಗಿರಣಿಯ ಕೆಲಸ ಬಹಳ ಇದೆ. ಪೋಲಾರ್‌ಟೆಕ್ ಎಂಬ ಫ್ಲೀಸ್ ಬ್ರ್ಯಾಂಡಿನ ಹೆಸರು ಅಲ್ಲಿಯದೇ. 1995ರ ಡಿಸೆಂಬರ್‌ನಲ್ಲಿ ಆ ಗಿರಣಿಗೆ ದೊಡ್ಡ ಬೆಂಕಿ ಬಿತ್ತು. ಮಾಲೀಕ ಆರನ್ ಫಾಯರ್‌ಸ್ಟೀನ್ ಕೆಲಸ ನಿಂತಿದ್ದಾಗಲೂ ಕೆಲಸಗಾರರಿಗೆ ಸಂಬಳ ಕೊಡುವುದನ್ನು ಮುಂದುವರಿಸಿ, ಅದೇ ಊರಿನಲ್ಲಿ ಮತ್ತೆ ಕಟ್ಟಿದರು. ಜಾಕೆಟ್ ಆರಿಸಲು ಈ ವಿಷಯ ಬೇಕಿಲ್ಲ. ಆದರೂ ಮೈಮೇಲಿನ ಬಟ್ಟೆಯನ್ನು ಯಾರೋ ಮಾಡಿರುತ್ತಾರೆ ಅಲ್ವಾ, ಅವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಫ್ಲೀಸ್ ಒಂಟಿಯಾಗಿ ಕೆಲಸ ಮಾಡುವ ಬಟ್ಟೆಯಲ್ಲ. ಒಳಗೆ ಮೈಗೆ ಅಂಟಿದಂತೆ ತೆಳ್ಳಗಿನ ಬೇಸ್ ಲೇಯರ್, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್. ಈ ಪದರಗಳ ಲೆಕ್ಕ ಹಳೆಯದು. 1924ರಲ್ಲಿ ಎವರೆಸ್ಟ್ ಏರಲು ಹೋಗಿ ಮರಳದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ಉಳಿದಿದ್ದ ಬಟ್ಟೆಯ ತುಣುಕುಗಳನ್ನು ನೋಡಿ, ಅಂಥದ್ದೇ ಬಟ್ಟೆಗಳನ್ನು ಮತ್ತೆ ತಯಾರಿಸಿದರು. ರೇಷ್ಮೆ, ಹತ್ತಿ, ಉಣ್ಣೆಯ ಹಲವು ತೆಳು ಪದರಗಳು. ಹೊರಗೆ ಗಾಳಿ ತಡೆಯಲು ಗ್ಯಾಬರ್ಡೀನ್ ಎಂಬ ಒತ್ತಾಗಿ ನೇಯ್ದ ಬಟ್ಟೆ. 2006ರಲ್ಲಿ ಅವನ್ನು ಎವರೆಸ್ಟಿನ ಮೇಲೇ ತೊಟ್ಟು ನೋಡಿದಾಗ ಹಗುರವಾಗಿ, ಆರಾಮವಾಗಿ ಇದ್ದವು. ಒಂದು ದಪ್ಪದ ಬದಲು ಹಲವು ತೆಳು ಪದರ ಅನ್ನುವುದು ಅವರಿಗೂ ಗೊತ್ತಿತ್ತು. ನಮಗೆ ಸಿಕ್ಕಿರುವುದು ಬೇಗ ಒಣಗುವ ಎಳೆ.

ದಪ್ಪದ ವಿಷಯಕ್ಕೆ ಬರುತ್ತೇನೆ. ಫ್ಲೀಸನ್ನು ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕದಲ್ಲಿ ಗುರುತಿಸುವುದು ರೂಢಿ. ಸುಮಾರು 100 ಗ್ರಾಂ ಇರುವುದು ತೆಳ್ಳಗಿನದು, 200 ನಡುವಿನದು, 300 ದಪ್ಪದ್ದು. ನಡೆಯುವವರಿಗೆ 100ರ ಆಸುಪಾಸಿನದು ಬೇಕಾದಷ್ಟಾಯಿತು. ತೀರಾ ಥಂಡಿಯಲ್ಲಿ, ನಿಧಾನವಾಗಿ ನಡೆಯುವವರಿಗೆ, ಅಥವಾ ಸುಲಭವಾಗಿ ಚಳಿ ಹಿಡಿಯುವ ಮೈಯವರಿಗೆ 200. 300 ಗ್ರಾಂನ ದಪ್ಪ ಫ್ಲೀಸ್ ಕ್ಯಾಂಪಿನಲ್ಲಿ ಕೂರಲು, ಮನೆಯಲ್ಲಿ ಓಡಾಡಲು ಒಳ್ಳೆಯದು. ಬೆನ್ನಿಗೆ ಚೀಲ ಹೊತ್ತು ಏರು ಹತ್ತಲು ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಚ್ಚಿದರೆ ಅರ್ಧ ಚೀಲ ತುಂಬುತ್ತದೆ. ಬಿಚ್ಚದಿದ್ದರೆ ಒಳಗೇ ಬೇಯುತ್ತೀರಿ. 100ರ ಎರಡು ಫ್ಲೀಸ್ ಇದ್ದರೆ ಒಂದರ ಮೇಲೊಂದು ಹಾಕಬಹುದು, ಒಂದನ್ನು ತೆಗೆಯಬಹುದು. 300ರ ಒಂದು ಫ್ಲೀಸ್‌ನಲ್ಲಿ ಮೂರನೇ ಒಂದು ಭಾಗವನ್ನು ಮಾತ್ರ ಬಿಚ್ಚಲು ಬರುವುದಿಲ್ಲ.

ಆದರೆ ತೂಕದ ಸಂಖ್ಯೆ ಒಂದೇ ಪೂರ್ತಿ ಕಥೆ ಹೇಳುವುದಿಲ್ಲ. ಅದೇ ತೂಕದಲ್ಲಿ ಹೆಣಿಗೆ ಬೇರೆಯಾದರೆ ಸ್ವಭಾವವೇ ಬೇರೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೊಳ್ಳುವಾಗ ಜನ ಗೊಂದಲಕ್ಕೆ ಬೀಳುವುದು ಇಲ್ಲೇ.

ಎರಡೂ ಬದಿ ನಯವಾದ ಸಾದಾ ಫ್ಲೀಸ್ ಎಲ್ಲರಿಗೂ ಗೊತ್ತು. ಅದಕ್ಕಿಂತ ನಡಿಗೆಗೆ ನನಗೆ ಹೆಚ್ಚು ಇಷ್ಟ ಗ್ರಿಡ್ ಫ್ಲೀಸ್. ಒಳಬದಿ ನೋಡಿದರೆ ಚೌಕಚೌಕವಾಗಿ ಉಬ್ಬಿದ ಎಳೆಗಳು, ನಡುವೆ ತೆಳುವಾದ ಕಾಲುವೆಗಳು. ಉಬ್ಬಿದ ಕಡೆ ಗಾಳಿ ನಿಂತು ಬೆಚ್ಚಗಿಡುತ್ತದೆ. ತೆಳುವಾದ ಕಡೆಯಿಂದ ಬೆವರಿನ ಆವಿ ಹೊರಗೆ ಹೋಗುತ್ತದೆ. ಮೈಗೆ ತಾಗುವ ಬಟ್ಟೆ ಕಡಿಮೆಯಾದ್ದರಿಂದ ಅಂಟುವುದೂ ಕಡಿಮೆ. ಇದು ಹಿಗ್ಗುತ್ತದೆ ಕೂಡ, ಕೈ ಎತ್ತಿ ಬಂಡೆ ಹಿಡಿಯುವಾಗ ಸೊಂಟದಿಂದ ಮೇಲೆ ಸರಿಯುವುದಿಲ್ಲ. ಇಷ್ಟೆಲ್ಲ ಇದ್ದೂ ಮಡಚಿದರೆ ಸಣ್ಣದಾಗುತ್ತದೆ.

ಇನ್ನೊಂದು ಬಗೆ ಉದ್ದ ಎಳೆಯ, ಜೂಲು ಜೂಲಾದ ಹೈ ಲಾಫ್ಟ್ ಫ್ಲೀಸ್. ನೋಡಲು ಕರಡಿಯ ಮೈ. ತೂಕದ ಲೆಕ್ಕದಲ್ಲಿ ಬಹಳ ಬೆಚ್ಚಗೆ, ಗಾಳಿಯೂ ಚೆನ್ನಾಗಿ ಆಡುತ್ತದೆ. ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ.

ಮೂರನೆಯದು ಇತ್ತೀಚಿನದು. ಪೋಲಾರ್‌ಟೆಕ್ ಆಲ್ಫಾ ಎಂಬ ಬಟ್ಟೆಯನ್ನು ಮೊದಲು ರೂಪಿಸಿದ್ದು ಅಮೆರಿಕದ ವಿಶೇಷ ಪಡೆಗಳ ಸೈನಿಕರಿಗಾಗಿ. ಅವರು ಓಡುತ್ತಾರೆ, ಹತ್ತುತ್ತಾರೆ, ತಟ್ಟನೆ ನಿಂತು ಗಂಟೆಗಟ್ಟಲೆ ಕಾಯುತ್ತಾರೆ. ಪ್ರತಿ ಸಲ ಜಾಕೆಟ್ ಬಿಚ್ಚಿ ಹಾಕುವುದಕ್ಕೆ ಪುರುಸೊತ್ತಿಲ್ಲ. ಅದಕ್ಕಾಗಿ ಜಾಲರಿಯಂಥ ಹೆಣಿಗೆಯ ಮೇಲೆ ಗುಚ್ಛಗುಚ್ಛವಾಗಿ ಎಳೆಗಳನ್ನು ನಿಲ್ಲಿಸಿದರು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಜಪಾನಿನ ತೇಜಿನ್ ಕಂಪನಿಯ ಆಕ್ಟಾ ಕೂಡ ಇದೇ ಕೆಲಸಕ್ಕೆ. ಅದರ ಎಳೆ ಒಳಗೆ ಟೊಳ್ಳು, ಸುತ್ತಲೂ ಎಂಟು ಚಾಚುಗಳು. ಇಂಥ ಬಟ್ಟೆಯ ಅಂಗಿ 150 ಗ್ರಾಂ ಒಳಗೇ ಸಿಗುತ್ತದೆ. ಬೆವರು ನಿಲ್ಲುವುದೇ ಇಲ್ಲ. ಆದರೆ ಎರಡು ವಿಷಯ ತಿಳಿದುಕೊಂಡು ಕೊಳ್ಳಿ. ಗಾಳಿ ಬೀಸಿದರೆ ಮೈಮೇಲೆ ಏನೂ ಇಲ್ಲದ ಹಾಗಿರುತ್ತದೆ. ಮುಳ್ಳು, ಬಂಡೆ, ಚೀಲದ ಪಟ್ಟಿಯ ಉಜ್ಜಾಟ ಯಾವುದನ್ನೂ ಅದು ಚೆನ್ನಾಗಿ ತಾಳುವುದಿಲ್ಲ. ಪೊದೆಗಳ ನಡುವೆ ನುಸುಳಿ ಹೋಗುವ ದಾರಿಯಾದರೆ ಅದನ್ನು ಬಿಟ್ಟು ಗ್ರಿಡ್ ತೆಗೆದುಕೊಳ್ಳಿ.

ಗಾಳಿ ಅಂದೆ. ಫ್ಲೀಸ್ ಬಗ್ಗೆ ಬರುವ ದೊಡ್ಡ ದೂರು ಇದೇ, ಗಾಳಿ ತೂರಿಕೊಂಡು ಬರುತ್ತದೆ ಅಂತ. ನಿಜ, ಬರುತ್ತದೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಂತೆ ತಟ್ಟುತ್ತದೆ. ಇದನ್ನು ನೋಡಿ ಕಂಪನಿಗಳು ಫ್ಲೀಸ್‌ನ ಒಳಗೇ ಗಾಳಿ ತಡೆಯುವ ತೆಳು ಹಾಳೆಯೊಂದನ್ನು ಅಂಟಿಸಿ ಮಾರುತ್ತವೆ. ಕೇಳಲು ಜಾಣತನದ ಕೆಲಸ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಬೇರೆ. ಆ ಹಾಳೆಯನ್ನು ಬೇಡವಾದಾಗ ತೆಗೆಯಲು ಆಗುವುದಿಲ್ಲ. ಗಾಳಿ ನಿಂತ ಕಡೆ, ಏರು ಹತ್ತುವಾಗ, ಅದು ನಿಮ್ಮ ಬೆವರಿಗೂ ಅಡ್ಡ ನಿಲ್ಲುತ್ತದೆ. ಅದರ ಬದಲು ಗಾಳಿ ಆಡುವ ಫ್ಲೀಸ್ ಒಂದು, ಮೇಲೆ ಹಾಕಲು 100ರಿಂದ 200 ಗ್ರಾಂ ತೂಗುವ ತೆಳು ವಿಂಡ್‌ಚೀಟರ್ ಒಂದು ಇಟ್ಟುಕೊಳ್ಳಿ. ವಿಂಡ್‌ಚೀಟರ್ ಮುಷ್ಟಿಯಷ್ಟಾಗಿ ಜೇಬಿನಲ್ಲಿ ಕೂರುತ್ತದೆ. ದಿಬ್ಬದ ಮೇಲೆ ಗಾಳಿ ಹೊಡೆದಾಗ ಹಾಕಿ, ಮರಗಳ ಮರೆಗೆ ಬಂದಾಗ ತೆಗೆಯಿರಿ. ಫ್ಲೀಸ್ ಹಿಡಿದ ಗಾಳಿ ಅಲುಗಾಡದಂತೆ ಅದು ನೋಡಿಕೊಳ್ಳುತ್ತದೆ. ಎರಡೂ ಸೇರಿದಾಗ ದಪ್ಪ ಫ್ಲೀಸ್ ಒಂದಕ್ಕಿಂತ ಹೆಚ್ಚು ಬೆಚ್ಚಗೆ, ತೂಕದಲ್ಲಿ ಕಡಿಮೆ.

ಈಗ ಅಂಗಡಿಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಏನು ನೋಡಬೇಕು? ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಎಷ್ಟು ತೂರಿ ಬರುತ್ತದೋ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಆಡುತ್ತದೆ. ಬಾಯಿಗೆ ಹತ್ತಿರ ಹಿಡಿದು ಊದಿ, ಆಚೆ ಬದಿ ಅಂಗೈ ಇಟ್ಟು ನೋಡಿ. ಉಸಿರು ಕೈಗೆ ತಾಗಬೇಕು. ಆಮೇಲೆ ಎಳೆಗಳನ್ನು ಬೆರಳಲ್ಲಿ ಒತ್ತಿ ಬಿಡಿ. ಮತ್ತೆ ಏಳದೆ ಒತ್ತಿದ ಹಾಗೇ ಉಳಿದರೆ ಕೆಲವೇ ಒಗೆತಕ್ಕೆ ಚಪ್ಪಟೆಯಾಗುವ ಬಟ್ಟೆ ಅದು. ಹೊರಬದಿಯನ್ನು ಅಂಗೈಯಿಂದ ಸ್ವಲ್ಪ ಹೊತ್ತು ಜೋರಾಗಿ ಉಜ್ಜಿದರೆ ಬೇಗ ಗಂಟಾಗುವ ಬಟ್ಟೆ ಅಲ್ಲೇ ನವಿರು ಬಿಡಲು ಶುರು ಮಾಡುತ್ತದೆ.

ಅಳತೆ ತುಂಬಾ ಮುಖ್ಯ. ಸಡಿಲವಾಗಿ ಜೋತಾಡುವ ಫ್ಲೀಸ್ ಆರಾಮ ಅನ್ನಿಸಿದರೂ ಮೈ ಮತ್ತು ಬಟ್ಟೆಯ ನಡುವೆ ಗಾಳಿ ಓಡಾಡಿ ಕಾವನ್ನು ಒಯ್ದುಬಿಡುತ್ತದೆ. ಬೆವರು ಬಟ್ಟೆಯಿಂದ ಬಟ್ಟೆಗೆ ದಾಟಲು ಅವು ಒಂದಕ್ಕೊಂದು ತಾಗಿಯೇ ಇರಬೇಕು. ಹಾಗಂತ ಬಿಗಿಯೂ ಆಗಬಾರದು. ಒಳಗಿನ ಬೇಸ್ ಲೇಯರ್ ತೊಟ್ಟುಕೊಂಡೇ ಅಂಗಡಿಗೆ ಹೋಗಿ. ಎರಡೂ ಕೈ ಮೇಲೆತ್ತಿ, ಬಗ್ಗಿ, ಕೈ ಮುಂದಕ್ಕೆ ಚಾಚಿ. ಸೊಂಟ ಬರಿದಾದರೆ, ತೋಳು ಮೇಲೆ ಸರಿದು ಮಣಿಕಟ್ಟು ಕಂಡರೆ ಬೇರೆ ಅಳತೆ ಕೇಳಿ. ಮೇಲೆ ನಿಮ್ಮ ರೇನ್ ಜಾಕೆಟ್ ಹಾಕಿ ಜಿಪ್ ಎಳೆದು ನೋಡಿ. ಒಳಗಿನ ಫ್ಲೀಸ್ ಒತ್ತಿಹೋದರೆ ಅದರೊಳಗಿನ ಗಾಳಿ ಹೋಯಿತು, ಕಾವೂ ಹೋಯಿತು. ಸಾಧ್ಯವಾದರೆ ಬೆನ್ನಿಗೆ ಚೀಲ ಹಾಕಿ ನಾಲ್ಕು ಹೆಜ್ಜೆ ನಡೆಯಿರಿ. ಹೆಗಲ ಮೇಲೆ ದಪ್ಪ ಹೊಲಿಗೆ ಇದ್ದರೆ ಪಟ್ಟಿಯ ಕೆಳಗೆ ಅದು ಸಂಜೆಯ ಹೊತ್ತಿಗೆ ಗಾಯದಂತೆ ಉರಿಯುತ್ತದೆ. ಸೊಂಟದ ಜೇಬುಗಳು ಚೀಲದ ಸೊಂಟಪಟ್ಟಿಯಡಿ ಮುಚ್ಚಿಹೋಗುತ್ತವೆ, ಹಾಗಾಗಿ ಎದೆಯ ಮೇಲೊಂದು ಜೇಬಿದ್ದರೆ ಅದೇ ಉಪಯೋಗಕ್ಕೆ ಬರುತ್ತದೆ.

ಜಿಪ್ ಪೂರ್ತಿ ಇರಬೇಕಾ, ಅರ್ಧವಾ? ಪೂರ್ತಿ ಜಿಪ್ ಇದ್ದರೆ ಬಿಚ್ಚಿ ಹಾಕಲು ಸುಲಭ, ನಡೆಯುತ್ತಲೇ ಎದೆ ತೆರೆದುಕೊಳ್ಳಬಹುದು. ಅರ್ಧ ಜಿಪ್ ಹಗುರ, ಹೊಟ್ಟೆಯ ಮೇಲೆ ಉಬ್ಬುವುದಿಲ್ಲ, ಸೊಂಟಪಟ್ಟಿಯಡಿ ಚುಚ್ಚುವುದಿಲ್ಲ. ದಿನವಿಡೀ ಮೈಮೇಲೆ ಇರುವ ತೆಳು ಫ್ಲೀಸ್‌ಗೆ ನಾನು ಅರ್ಧ ಜಿಪ್ ಆರಿಸುತ್ತೇನೆ, ಅದೂ ಎದೆಯ ಕೆಳಗಿನವರೆಗೆ ಇಳಿಯುವ ಉದ್ದನೆಯದು. ಹುಡ್ ಬಗ್ಗೆ ಮಾತ್ರ ನನಗೆ ಎರಡನೇ ಯೋಚನೆಯೇ ಇಲ್ಲ. ತೆಗೆದುಕೊಳ್ಳಿ. ಕುತ್ತಿಗೆ ಮತ್ತು ಕಿವಿಯನ್ನು ಒಂದೇ ಎಳೆತದಲ್ಲಿ ಮುಚ್ಚಿ ತೆರೆಯುವ ಸೌಕರ್ಯ ಬೇರೆ ಯಾವ ಬಟ್ಟೆಯಲ್ಲೂ ಇಲ್ಲ. ಟೋಪಿ ಮರೆಯಬಹುದು, ಹಾರಿಹೋಗಬಹುದು. ಹುಡ್ ಎಲ್ಲೂ ಹೋಗುವುದಿಲ್ಲ.

ಕೊಂಡ ಮೇಲೆ ಅದನ್ನು ಬಳಸುವ ರೀತಿ. ಇದನ್ನು ಕೊಳ್ಳುವುದಕ್ಕಿಂತ ಮುಖ್ಯ ಅಂತಲೇ ನಾನು ಹೇಳುತ್ತೇನೆ. ನಡಿಗೆ ಶುರು ಮಾಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿರಬೇಕು. ಕೈಕಾಲು ಮರಗಟ್ಟುವಷ್ಟಲ್ಲ, ಬೇಗ ಹೊರಡೋಣ ಅನ್ನಿಸುವಷ್ಟು. ಬೆಚ್ಚಗಿದ್ದುಕೊಂಡು ಹೊರಟರೆ ಹತ್ತು ನಿಮಿಷದಲ್ಲಿ ಬೆವರುವುದು ಖಚಿತ. ಹೊರಟ ಹತ್ತು ಹದಿನೈದು ನಿಮಿಷದ ನಂತರ ಒಂದು ಸಲ ನಿಂತು ಎಲ್ಲರೂ ಬಟ್ಟೆ ಸರಿಮಾಡಿಕೊಳ್ಳಿ. ಗುಂಪಿನಲ್ಲಿ ಇದನ್ನು ಮುಂದಾಳು ತಾನಾಗಿ ಮಾಡಿಸಬೇಕು. ಹೊಸಬರು ನಿಲ್ಲಿ ಅಂತ ಕೇಳಲು ಸಂಕೋಚಪಟ್ಟು ಬೆವರುತ್ತಲೇ ಹತ್ತುತ್ತಾರೆ. ಮೊದಲು ಜಿಪ್ ಇಳಿಸಿ, ಆಮೇಲೆ ತೋಳು ಮಡಚಿ, ಹುಡ್ ತೆಗೆಯಿರಿ, ಸಾಲದಿದ್ದರೆ ಫ್ಲೀಸನ್ನೇ ಬಿಚ್ಚಿ. ನಡಿಗೆಯ ವೇಗ ತಗ್ಗಿಸುವುದೂ ಬೆವರು ಕಡಿಮೆ ಮಾಡುವ ದಾರಿಯೇ, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ನಿಂತಾಗ ಇದಕ್ಕೆ ಉಲ್ಟಾ. ಚಳಿ ಆಗುವವರೆಗೆ ಕಾಯಬೇಡಿ. ಚೀಲ ಕೆಳಗಿಳಿಸಿದ ಕೂಡಲೇ ಮೇಲೊಂದು ಪದರ ಹಾಕಿ. ಇಲ್ಲಿಗೆ ಡೌನ್ ಜಾಕೆಟ್ (ಹಕ್ಕಿಯ ಮೆತ್ತನೆಯ ಗರಿ ತುಂಬಿದ್ದು) ಅಥವಾ ಸಿಂಥೆಟಿಕ್ ಎಳೆ ತುಂಬಿದ ಪಫ್ ಜಾಕೆಟ್ ಸರಿ, ಫ್ಲೀಸ್ ಅಲ್ಲ. ಒಂದೇ ತೂಕದಲ್ಲಿ ಡೌನ್ ಎಷ್ಟೋ ಹೆಚ್ಚು ಬೆಚ್ಚಗೆ, ಒತ್ತಿದರೆ ಸಣ್ಣದು. ಆದರೆ ಒದ್ದೆಯಾದರೆ ಗರಿಗಳು ಮುದ್ದೆಗಟ್ಟುತ್ತವೆ. ಅದಕ್ಕೇ ಅದು ನಿಂತಾಗಿನ ಬಟ್ಟೆ, ಫ್ಲೀಸ್ ನಡೆಯುವಾಗಿನ ಬಟ್ಟೆ. ಈ ಎರಡು ಕೆಲಸವನ್ನು ಒಂದೇ ದಪ್ಪ ಫ್ಲೀಸ್‌ನಿಂದ ಮಾಡಿಸಲು ಹೋದರೆ ಎರಡೂ ಕೆಡುತ್ತವೆ.

ಎಷ್ಟು ಚಳಿ ಇರುತ್ತದೆ ಅಂತ ಅಂದಾಜು ಮಾಡುವಾಗ ಹೊರಡುವ ಜಾಗದ ತಾಪಮಾನ ಮಾತ್ರ ನೋಡಬೇಡಿ. ಸರಾಸರಿ ಲೆಕ್ಕದಲ್ಲಿ ಪ್ರತಿ 1000 ಮೀಟರ್ ಎತ್ತರಕ್ಕೆ 6.5 ಡಿಗ್ರಿ ಇಳಿಯುತ್ತದೆ. ಬುಡದಲ್ಲಿ 12 ಡಿಗ್ರಿ ಇದ್ದರೆ 1500 ಮೀಟರ್ ಮೇಲೆ 2 ಡಿಗ್ರಿಯ ಹತ್ತಿರ. ಅದರ ಮೇಲೆ ಗಾಳಿಯ ಪಾಲು ಬೇರೆ.

ಇನ್ನು ಬೆಂಕಿ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗುತ್ತದೆ. ಕ್ಯಾಂಪಿನ ಬೆಂಕಿಯಿಂದ ಹಾರಿದ ಒಂದು ಕಿಡಿ ಸಾಕು, ತೂತು ಬೀಳುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿದರೆ ಗಾಯ ಕೆಟ್ಟದಾಗಿರುತ್ತದೆ. ಬೆಂಕಿಯ ಹತ್ತಿರ ಕೂರುವಾಗ ಮೇಲೆ ಉಣ್ಣೆಯದೋ ಹತ್ತಿಯದೋ ಏನಾದರೂ ಹೊದ್ದುಕೊಳ್ಳಿ.

ಕೊನೆಗೆ ಒಗೆಯುವ ವಿಷಯ. ಇದು ನಮ್ಮ ಜಾಕೆಟ್ಟಿಗಷ್ಟೇ ಸಂಬಂಧಿಸಿದ್ದಲ್ಲ. ಫ್ಲೀಸ್ ಪ್ಲಾಸ್ಟಿಕ್ ಅನ್ನುವುದನ್ನು ಮರೆಯಬಾರದು. 1993ರಿಂದ ಬಳಸಿದ ಪ್ಲಾಸ್ಟಿಕ್ ಬಾಟಲಿಗಳಿಂದಲೂ ಇದನ್ನು ತಯಾರಿಸುತ್ತಿದ್ದಾರೆ. ಅದು ಒಳ್ಳೆಯದೇ, ಆದರೂ ಅದು ಪ್ಲಾಸ್ಟಿಕ್ಕೇ. ಒಗೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉದುರಿ ನೀರಿಗೆ ಸೇರುತ್ತವೆ. ಒಂದೇ ಬಟ್ಟೆಯಿಂದ ಒಂದು ಒಗೆತಕ್ಕೆ 1900ಕ್ಕೂ ಹೆಚ್ಚು ಎಳೆ ಉದುರಬಹುದು ಅಂತ 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2016ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಸಂಶೋಧಕರು ಜಾಕೆಟ್‌ಗಳನ್ನು ಒಗೆದು ನೋಡಿದಾಗ ಒಂದು ಒಗೆತಕ್ಕೆ ಸರಾಸರಿ 1.7 ಗ್ರಾಂ ಎಳೆ ಸಿಕ್ಕಿತು. ಮೇಲಿನಿಂದ ಬಟ್ಟೆ ತುಂಬುವ ಮೆಷಿನ್ನಿನಲ್ಲಿ ಮುಂದಿನಿಂದ ತುಂಬುವುದಕ್ಕಿಂತ ಬಹಳ ಜಾಸ್ತಿ ಉದುರಿತು. ಹಳೆಯದಾದ ಜಾಕೆಟ್ ಹೊಸದಕ್ಕಿಂತ ಹೆಚ್ಚು ಉದುರಿಸಿತು.

ಇದನ್ನು ತಿಳಿದ ಮೇಲೂ ನಾನು ಫ್ಲೀಸ್ ಬಿಡಿ ಅನ್ನುವುದಿಲ್ಲ. ಕಡಿಮೆ ಒಗೆಯಿರಿ ಅನ್ನುತ್ತೇನೆ. ಒಳಗೆ ಬೇಸ್ ಲೇಯರ್ ಇರುವುದರಿಂದ ಫ್ಲೀಸ್‌ಗೆ ಕೊಳೆ ಕಡಿಮೆ. ಪ್ರತಿ ಚಾರಣಕ್ಕೂ ಒಗೆಯಬೇಕಿಲ್ಲ, ನೆರಳಿನಲ್ಲಿ ಗಾಳಿಗೆ ಹರವಿದರೆ ಸಾಕು. ಒಗೆಯಲೇಬೇಕಾದಾಗ ಒಳಬದಿ ಹೊರಗೆ ಮಾಡಿ, ಜಿಪ್ ಎಳೆದು, ತಣ್ಣೀರಿನಲ್ಲಿ, ಮೆಷಿನ್ ಆದರೆ ತುಂಬಾ ಬಟ್ಟೆಯ ಜೊತೆ ಹಾಕಿ ಕಡಿಮೆ ಹೊತ್ತು ತಿರುಗಿಸಿ. ಎಳೆ ಹಿಡಿಯುವ ಜಾಲರಿ ಚೀಲ ಸಿಕ್ಕರೆ ಅದರೊಳಗೆ ಹಾಕಿ. ಫ್ಯಾಬ್ರಿಕ್ ಸಾಫ್ಟನರ್ ಬೇಡವೇ ಬೇಡ, ಅದು ಎಳೆಗಳ ಮೇಲೆ ಪದರ ಕಟ್ಟಿ ಬೆವರು ದಾಟದಂತೆ ಮಾಡುತ್ತದೆ. ಇಸ್ತ್ರಿಯೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಹರಿದರೆ ಹೊಲಿಸಿ, ಜಿಪ್ ಹೋದರೆ ಜಿಪ್ ಹಾಕಿಸಿ. ಹೊಸ ಬಣ್ಣ ಬಂತು ಅಂತ ಇನ್ನೊಂದು ಕೊಳ್ಳಬೇಡಿ.

ಸಭಿಕರ ಪ್ರಶ್ನೆಗಳು

"ಫ್ಲೀಸ್ ಬದಲು ಉಣ್ಣೆಯ ಸ್ವೆಟರ್ ಆಗುವುದಿಲ್ಲವೇ?" ಅಂತ ಹಿರಿಯರೊಬ್ಬರು ಕೇಳಿದರು.

ಖಂಡಿತ ಆಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ವಾಸನೆ ಬಹಳ ಕಡಿಮೆ. ಕಿಡಿಗೆ ಹೆದರಬೇಕಿಲ್ಲ. ಪೂರ್ತಿ ಒದ್ದೆಯಾದರೆ ಮಾತ್ರ ಭಾರವಾಗುತ್ತದೆ, ಒಣಗಲು ತುಂಬಾ ಹೊತ್ತು ಬೇಕು. ನಾನು ಹೇಳುವ ಜೋಡಿ ಹೀಗೆ: ಮೈಗೆ ತಾಗುವಂತೆ ತೆಳು ಮೆರಿನೊ ಉಣ್ಣೆ, ಅದರ ಮೇಲೆ ತೆಳು ಫ್ಲೀಸ್. ಮನೆಯಲ್ಲಿ ಒಳ್ಳೆಯ ಉಣ್ಣೆಯ ಸ್ವೆಟರ್ ಇದ್ದರೆ ಒಣ ಹವೆಯ ಚಾರಣಕ್ಕೆ ಅದನ್ನೇ ಹಾಕಿ ಹೊರಡಿ, ಫ್ಲೀಸ್ ಕೊಳ್ಳಲೇಬೇಕು ಅಂತಿಲ್ಲ.

"ಕಡಿಮೆ ಬೆಲೆಯದಕ್ಕೂ ಹೆಚ್ಚು ಬೆಲೆಯದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ?"

ಬೆಚ್ಚಗಿಡುವುದರಲ್ಲಿ ವ್ಯತ್ಯಾಸ ಕಡಿಮೆ. ಸಾದಾ 100 ಗ್ರಾಂ ಫ್ಲೀಸ್ ಯಾರು ಮಾಡಿದರೂ ಗಾಳಿಯನ್ನು ಹಿಡಿಯುತ್ತದೆ. ವ್ಯತ್ಯಾಸ ಕಾಣುವುದು ಬಾಳಿಕೆಯಲ್ಲಿ, ಹೊಲಿಗೆಯಲ್ಲಿ, ಎಳೆ ಉದುರುವುದರಲ್ಲಿ. ಹಣ ಕಡಿಮೆ ಇದ್ದರೆ ಫ್ಲೀಸ್‌ನಲ್ಲಿ ಉಳಿಸಿ, ಒಳ್ಳೆಯ ರೇನ್ ಜಾಕೆಟ್ಟಿಗೆ ಹಾಕಿ. ಅಗ್ಗದ ಫ್ಲೀಸ್ ನಿಮ್ಮನ್ನು ಅಪಾಯಕ್ಕೆ ತಳ್ಳುವುದಿಲ್ಲ. ಸೋರುವ ರೇನ್ ಜಾಕೆಟ್ ತಳ್ಳಬಹುದು.

ಒಬ್ಬ ತಾಯಿ ಕೇಳಿದ ಪ್ರಶ್ನೆ: "ಚಿಕ್ಕ ಮಗುವನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತೇವೆ. ಅದಕ್ಕೂ ನೀವು ಹೇಳಿದ ಹಾಗೆ ತೆಳ್ಳಗಿನದೇ ಸಾಕಾ?"

ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಸಾಲದು. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ನಡೆಯುವವರ ಲೆಕ್ಕ. ಬೆನ್ನ ಮೇಲಿನ ಮಗು ನಡೆಯುತ್ತಿಲ್ಲ, ಸುಮ್ನೆ ಕೂತಿದೆ. ಸಣ್ಣ ಮೈ ದೊಡ್ಡ ಮೈಗಿಂತ ಬೇಗ ತಣ್ಣಗಾಗುತ್ತದೆ. ಮಗುವನ್ನು ಹೊರುವ ಕ್ಯಾರಿಯರ್‌ನ ಪಟ್ಟಿಗಳು ಕಾಲನ್ನು ಒತ್ತಿ ಹಿಡಿದಿರುವುದರಿಂದ ಪಾದಗಳು ಇನ್ನೂ ಬೇಗ ತಣ್ಣಗಾಗುತ್ತವೆ. ನೀವು ಬೆವರುತ್ತಿರುವಾಗಲೇ ಅದಕ್ಕೆ ಚಳಿಯಾಗುತ್ತಿರುತ್ತದೆ, ನಿಮ್ಮ ಮೈ ನೋಡಿ ಅದರ ಬಟ್ಟೆಯನ್ನು ನಿರ್ಧರಿಸಬೇಡಿ. ಮಗುವಿಗೆ ದಪ್ಪ ಫ್ಲೀಸ್, ಮೇಲೆ ಗಾಳಿ ತಡೆಯುವ ಪದರ, ಟೋಪಿ, ಕೈಗವಸು, ಎರಡು ಪದರದ ಕಾಲುಚೀಲ ಇರಲಿ. ಆಗಾಗ ನಿಂತು ಕುತ್ತಿಗೆಯ ಹಿಂಬದಿ ಮತ್ತು ಪಾದ ಮುಟ್ಟಿ ನೋಡಿ. ಕುತ್ತಿಗೆ ತಣ್ಣಗಿದ್ದರೆ, ಅಥವಾ ಮಗು ಎಂದಿಗಿಂತ ಮಂಕಾಗಿ ಸುಮ್ಮನಾಗಿಬಿಟ್ಟರೆ, ಅಲ್ಲೇ ಕೆಳಗಿಳಿಸಿ, ನಿಮ್ಮ ಜಾಕೆಟ್ಟಿನೊಳಗೆ ಎದೆಗೆ ಒತ್ತಿ ಹಿಡಿದುಕೊಂಡು ಬೆಚ್ಚಗೆ ಮಾಡಿ, ಅಲ್ಲಿಂದಲೇ ಹಿಂದಕ್ಕೆ ಹೊರಡಿ.